ಎಳೆಯ ಮಕ್ಕಳಿಗೆ ಕೂಡುವ ಲೆಕ್ಕವನ್ನು ಕಲಿಸುವ ಕ್ರಮ

ಮೂರೂ ನಾಲ್ಕೂ ಕೂಡಿದರೆ ಏಳು ಎಂಬುದು ದೊಡ್ಡವರಾದ ನಮಗೆ ಉಸಿರಾಟದಷ್ಟು ಸಹಜವಾಗಿದೆ. ಒಂದು ಕಾಲದಲ್ಲಿ ನಾವೂ ಇದನ್ನು ಅರಿಯದೆ ಇದ್ದೆವೆಂಬುದೂ, ಯಾರೋ ಒಬ್ಬರು ತಾಳ್ಮೆಯಿಂದ ಇದನ್ನು ನಮಗೆ ಕಲಿಸಿದರೆಂಬುದೂ ಮರೆತುಹೋಗಿದೆ. ಆದುದರಿಂದಲೇ ಐದು ವರ್ಷದ ಮಗುವೊಂದು ಲೆಕ್ಕದ ಮುಂದೆ ಮುಖ ಬಾಡಿಸಿಕೊಂಡು ಕುಳಿತಾಗ, "ಇಷ್ಟೂ ತಿಳಿಯದೆ?" ಎಂಬ ಮಾತು ನಮ್ಮ ಬಾಯಿಂದ ಸುಲಭವಾಗಿ ಹೊರಡುವುದು. ಆ ಮಾತು ಎಷ್ಟು ಆಳಕ್ಕೆ ಇಳಿಯುವುದೆಂಬುದನ್ನು ನಾವು ಯೋಚಿಸುವುದಿಲ್ಲ.

ಈ ಶಾಲೆಯಿಂದ ಹೊರಟ ವಿದ್ಯಾರ್ಥಿನಿಯರಲ್ಲಿ ಬಹುಮಂದಿ ಇಂದು ತಾಯಂದಿರು, ಕೆಲವರು ಉಪಾಧ್ಯಾಯಿನಿಯರು. ನಮ್ಮಲ್ಲಿಗೆ ಹೆಣ್ಣುಮಕ್ಕಳನ್ನು ಕಳುಹಿಸುವ ತಾಯ್ತಂದೆಗಳ ಮನೆಗಳಲ್ಲಿಯೂ ಚಿಕ್ಕ ಮಕ್ಕಳಿದ್ದಾರೆ. ಪ್ರೌಢಶಾಲೆಯ ಸಂಚಿಕೆಯಲ್ಲಿ ಶಿಶುವರ್ಗದ ಲೆಕ್ಕವೇಕೆ ಎಂದು ಯಾರಾದರೂ ಕೇಳಬಹುದು. ಬೀಜಗಣಿತದಲ್ಲಿ ಎಡವುವ ಹುಡುಗಿಯನ್ನು ಹತ್ತಿರ ಕುಳ್ಳಿರಿಸಿಕೊಂಡು ಮೆಲ್ಲನೆ ವಿಚಾರಿಸುತ್ತ ಹೋದರೆ, ಅನೇಕ ಸಾರಿ ಆಕೆಯ ಕಷ್ಟದ ಬೇರು ಎಂಟೂ ಏಳೂ ಎಷ್ಟೆಂಬ ಸಂದೇಹದಲ್ಲಿ, ಅಥವಾ ದಶಕವೆಂದರೆ ಏನೆಂಬ ಅಜ್ಞಾನದಲ್ಲಿ ಸಿಕ್ಕುವುದು. ತಳಹದಿಯ ಕಲ್ಲು ಅಲುಗಾಡುತ್ತಿರುವಾಗ ಮೇಲಿನ ಗೋಡೆಯನ್ನು ಎಷ್ಟು ಸಾರಿ ಗಾರೆ ಹಾಕಿ ಮೆತ್ತಿದರೂ ಪ್ರಯೋಜನವಿಲ್ಲ. ಆದಕಾರಣ ಆ ತಳಹದಿಯನ್ನು ಕಟ್ಟುವ ಕ್ರಮವನ್ನು ಇಲ್ಲಿ ವಿವರಿಸಲು ಯತ್ನಿಸುವೆವು.

ಎಣಿಕೆಯೇ ಮೊದಲು

ಒಂದರಿಂದ ಇಪ್ಪತ್ತರವರೆಗೆ ತಡೆಯಿಲ್ಲದೆ ಹೇಳುವ ಮಗುವಿಗೆ ಎಣಿಸಲು ಬರುತ್ತದೆಂದು ನಾವು ಭಾವಿಸುವೆವು. ಇದು ಯಾವಾಗಲೂ ನಿಜವಲ್ಲ. ಹಾಡನ್ನು ಹಾಡುವಂತೆ ಸಂಖ್ಯೆಗಳ ಹೆಸರುಗಳನ್ನು ಸಾಲಾಗಿ ಹೇಳುವುದು ಬೇರೆ, ವಸ್ತುಗಳನ್ನು ಎಣಿಸುವುದು ಬೇರೆ. 1978ರಲ್ಲಿ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಂಬ ಇಬ್ಬರು ವಿದ್ವಾಂಸರು ಎಣಿಕೆಯಲ್ಲಿ ಅಡಗಿರುವ ಐದು ನಿಯಮಗಳನ್ನು ವಿಂಗಡಿಸಿ ತೋರಿಸಿದರು. ಒಂದು ವಸ್ತುವಿಗೆ ಒಂದೇ ಹೆಸರು ಸಲ್ಲಬೇಕು. ಹೆಸರುಗಳ ಕ್ರಮವು ಬದಲಾಗಬಾರದು. ಕಡೆಗೆ ಹೇಳಿದ ಹೆಸರೇ ಗುಂಪಿನ ಒಟ್ಟು ಸಂಖ್ಯೆ. ಯಾವ ಬಗೆಯ ವಸ್ತುಗಳನ್ನಾದರೂ ಎಣಿಸಬಹುದು. ಯಾವ ಕಡೆಯಿಂದ ಎಣಿಸಿದರೂ ಮೊತ್ತವು ಒಂದೇ. ಇವುಗಳಲ್ಲಿ ಮೂರನೆಯದು ಅತಿ ಮುಖ್ಯ. ಆರು ಹುಣಸೇಬೀಜಗಳನ್ನು ಸರಿಯಾಗಿ ಎಣಿಸಿದ ಮಗುವನ್ನು, "ಹಾಗಾದರೆ ಎಷ್ಟಿವೆ?" ಎಂದು ಕೇಳಿ ನೋಡಿರಿ. ಅದು "ಆರು" ಎನ್ನದೆ ಮತ್ತೆ ಮೊದಲಿನಿಂದ ಎಣಿಸತೊಡಗಿದರೆ, ಕಡೆಯ ಹೆಸರು ಇಡೀ ಗುಂಪಿನ ಹೆಸರೆಂಬುದು ಅದಕ್ಕೆ ಇನ್ನೂ ಹೊಳೆದಿಲ್ಲವೆಂದು ತಿಳಿಯಬೇಕು. ಅಂಥ ಮಗುವಿಗೆ ಕೂಡುವ ಲೆಕ್ಕವನ್ನು ಹೇಳಿಕೊಡುವುದು ಬಿತ್ತುವ ಮೊದಲೇ ಕೊಯ್ಯಹೋದಂತೆ.

ಭಾನುವಾರದ ಪಾಠಗಳಲ್ಲಿ ನಾವೆಲ್ಲರೂ ಕೇಳಿದ ಕುರುಬನ ಸಾಮ್ಯವು ಇಲ್ಲಿ ನೆನಪಾಗುವುದು. ನೂರು ಕುರಿಗಳಲ್ಲಿ ಒಂದು ತಪ್ಪಿಹೋಯಿತೆಂದು ಆತನಿಗೆ ತಿಳಿದದ್ದು ಹೇಗೆ? ಒಂದೊಂದನ್ನೂ ಬಿಡದೆ, ಒಂದನ್ನೇ ಎರಡು ಸಾರಿ ಲೆಕ್ಕಿಸದೆ, ಎಣಿಸಿದ್ದರಿಂದಲೇ ಅಲ್ಲವೇ? ಎಣಿಕೆಯು ಒಂದೊಂದರ ಮೇಲೆಯೂ ಗಮನವಿಡುವ ಕೆಲಸ. ಈ ಗಮನವನ್ನು ಮಗುವಿಗೆ ಕಲಿಸಲು ಊಟದ ತಟ್ಟೆಗಳೂ, ಮೆಟ್ಟಲುಗಳೂ, ಕೈಬಳೆಗಳೂ ಸಾಕು.

ಮಗುವಿನ ಮನಸ್ಸು ಈ ವಿಷಯದಲ್ಲಿ ಬರಿಯ ಹಲಗೆಯಲ್ಲವೆಂಬುದನ್ನೂ ಹೇಳಬೇಕು. 1992ರಲ್ಲಿ ಕ್ಯಾರೆನ್ ವಿನ್ ಎಂಬಾಕೆಯು ಐದು ತಿಂಗಳ ಕೂಸುಗಳ ಮುಂದೆ ಒಂದು ಬೊಂಬೆಯನ್ನಿಟ್ಟು, ಅದನ್ನು ತೆರೆಯಿಂದ ಮರೆಮಾಡಿ, ಕೂಸು ನೋಡುತ್ತಿರುವಂತೆಯೇ ಇನ್ನೊಂದು ಬೊಂಬೆಯನ್ನು ತೆರೆಯ ಹಿಂದಕ್ಕೆ ಸೇರಿಸಿದಳು. ತೆರೆಯನ್ನು ಸರಿಸಿದಾಗ ಎರಡರ ಬದಲು ಒಂದೇ ಬೊಂಬೆಯಿದ್ದರೆ ಕೂಸುಗಳು ಅದನ್ನು ಹೆಚ್ಚು ಹೊತ್ತು ದಿಟ್ಟಿಸಿದವು. ಮಾತು ಬಾರದ ಕೂಸಿಗೂ ಒಂದಕ್ಕೆ ಒಂದು ಸೇರಿದರೆ ಒಂದೇ ಉಳಿಯಲಾರದೆಂಬ ಎಣಿಕೆಯಿರುವಂತೆ ಇದರಿಂದ ತೋರುವುದು. ಕೂಡುವುದರ ಬೀಜವನ್ನು ಸೃಷ್ಟಿಕರ್ತನು ಆಗಲೇ ಇಟ್ಟಿದ್ದಾನೆ. ಅದಕ್ಕೆ ನೀರೆರೆಯುವುದಷ್ಟೇ ನಮ್ಮ ಪಾಲಿನ ಕೆಲಸ.

ಕೂಡುವುದೆಂದರೇನು?

ಐದು ರೊಟ್ಟಿಗಳೂ ಎರಡು ಮೀನುಗಳೂ ಕೂಡಿದರೆ ಎಷ್ಟು? ಈ ಪ್ರಶ್ನೆಯನ್ನು ಮಕ್ಕಳ ಮುಂದೆ ಇಟ್ಟರೆ ಅವರು ಥಟ್ಟನೆ ಏಳು ಎನ್ನುವರು. ಏಳು ಏನು? ಏಳು ರೊಟ್ಟಿಗಳಲ್ಲ, ಏಳು ಮೀನುಗಳೂ ಅಲ್ಲ. ಸ್ವಲ್ಪ ಯೋಚಿಸಿದ ಮೇಲೆ ಚುರುಕಾದ ಮಗುವೊಂದು, "ಬುಟ್ಟಿಯಲ್ಲಿದ್ದ ತಿನಿಸುಗಳು ಏಳು" ಎನ್ನುವುದು. ಕೂಡುವುದರ ಮರ್ಮವೆಲ್ಲವೂ ಈ ಉತ್ತರದಲ್ಲಿದೆ. ಬೇರೆಬೇರೆಯಾದವುಗಳಿಗೆ ಒಂದು ಸಮಾನವಾದ ಹೆಸರನ್ನು ಕೊಟ್ಟು, ಎರಡು ಗುಂಪುಗಳನ್ನು ಒಂದು ಗುಂಪಾಗಿ ನೋಡುವುದೇ ಸಂಕಲನ. ಮುಂದೆ ಅರ್ಧವನ್ನೂ ಕಾಲನ್ನೂ ಕೂಡಿಸುವಾಗ ಎರಡನ್ನೂ ಕಾಲುಗಳಾಗಿ ಮಾಡಿಕೊಳ್ಳಬೇಕೆಂದು ಹೇಳುವುದೂ ಈ ಮರ್ಮವನ್ನೇ.

ಆದುದರಿಂದ ಕೂಡುವುದನ್ನು ಅಂಕೆಗಳಿಂದ ಆರಂಭಿಸಬಾರದು. ಸ್ವಿಸ್ ದೇಶದ ಪೆಸ್ಟಲೋಜಿಯು (1746–1827) ಮಗುವು ಕಣ್ಣಿಂದ ಕಂಡು ಕೈಯಿಂದ ಮುಟ್ಟಿದ್ದರಿಂದಲೇ ಸಂಖ್ಯೆಯ ಅರಿವು ಹುಟ್ಟಬೇಕೆಂದು ಬೋಧಿಸಿದನು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಮಿಶನರಿಗಳನ್ನು ಕಳುಹಿಸಿದ ಬಾಸೆಲ್ ಪಟ್ಟಣವೂ ಅದೇ ದೇಶದ್ದು. 1907ರಲ್ಲಿ ರೋಮಿನಲ್ಲಿ ಶಿಶುಗೃಹವನ್ನು ತೆರೆದ ಮರಿಯ ಮಾಂಟೆಸ್ಸರಿಯು 1939ರಲ್ಲಿ ಮದ್ರಾಸಿಗೆ ಬಂದು, ಯುದ್ಧದ ವರ್ಷಗಳನ್ನು ಈ ದೇಶದಲ್ಲಿಯೇ ಕಳೆದು, ನಮ್ಮ ಅನೇಕ ಉಪಾಧ್ಯಾಯಿನಿಯರಿಗೆ ತರಬೇತು ಕೊಟ್ಟಳು. ಆಕೆಯ ಕೋಲುಗಳಲ್ಲಿ ಚಿಕ್ಕದು ಹತ್ತು ಸೆಂಟಿಮೀಟರ್, ದೊಡ್ಡದು ಒಂದು ಮೀಟರ್. ಮೂರರ ಕೋಲಿನ ತುದಿಗೆ ನಾಲ್ಕರ ಕೋಲನ್ನು ಇಟ್ಟರೆ ಏಳರ ಕೋಲಿಗೆ ಸರಿಹೊಂದುವುದನ್ನು ಮಗುವು ತಾನೇ ಕಾಣುವುದು. ಯಾರೂ ಹೇಳಬೇಕಾಗಿಲ್ಲ, ಯಾರೂ ತಿದ್ದಬೇಕಾಗಿಲ್ಲ.

ಇಂಥ ಸಾಮಗ್ರಿಯು ಮನೆಯಲ್ಲಿ ಇಲ್ಲವೆಂದು ಚಿಂತಿಸಬೇಕಾಗಿಲ್ಲ. ಹಿಡಿಯಷ್ಟು ಹುಣಸೇಬೀಜಗಳೂ ತೆಂಗಿನ ಪೊರಕೆಯ ಕೆಲವು ಕಡ್ಡಿಗಳೂ ಸಾಕು. ಮೊದಲು ವಸ್ತುಗಳು, ಅನಂತರ ಅವುಗಳ ಚಿತ್ರಗಳು ಅಥವಾ ಚುಕ್ಕೆಗಳು, ಕಡೆಗೆ ಅಂಕೆಗಳು. ಈ ಮೂರು ಹಂತಗಳಲ್ಲಿ ಒಂದನ್ನು ಹಾರಿಸಿದರೂ ಮಗುವು ಅಂಕೆಗಳನ್ನು ಅರ್ಥವಿಲ್ಲದ ಗೀಟುಗಳೆಂದು ಎಣಿಸುವುದು.

ಮಗುವು ಏರುವ ಮೆಟ್ಟಲುಗಳು

ಕೂಡುವುದನ್ನು ಕಲಿಯುವ ಮಗುವು ಸಾಮಾನ್ಯವಾಗಿ ಮೂರು ಮೆಟ್ಟಲುಗಳನ್ನು ಏರುವುದು. ಮೊದಲನೆಯ ಮೆಟ್ಟಲಲ್ಲಿ ಐದೂ ಮೂರೂ ಎಷ್ಟೆಂದು ಕೇಳಿದರೆ, ಅದು ಐದು ಬೀಜಗಳನ್ನು ಎಣಿಸಿಟ್ಟು, ಮೂರು ಬೀಜಗಳನ್ನು ಎಣಿಸಿಟ್ಟು, ಬಳಿಕ ಎಲ್ಲವನ್ನೂ ಮೊದಲಿನಿಂದ ಎಣಿಸುವುದು. ಎರಡನೆಯ ಮೆಟ್ಟಲಲ್ಲಿ ಐದನ್ನು ಮತ್ತೆ ಎಣಿಸದೆ, "ಆರು, ಏಳು, ಎಂಟು" ಎಂದು ಮುಂದುವರಿಯುವುದು. ಮೂರನೆಯ ಮೆಟ್ಟಲಲ್ಲಿ, ಮೂರೂ ಐದೂ ಎಷ್ಟೆಂದು ಕೇಳಿದರೂ, ದೊಡ್ಡದಾದ ಐದರಿಂದಲೇ ಆರಂಭಿಸುವುದು. ನಮ್ಮ ಹಳ್ಳಿಯ ಮಠಗಳಲ್ಲಿಯೂ ಶಾಲೆಗಳಲ್ಲಿಯೂ, "ದೊಡ್ಡದು ಮನಸ್ಸಿನಲ್ಲಿ, ಚಿಕ್ಕದು ಕೈಯಲ್ಲಿ" ಎಂದು ಹೇಳಿಕೊಡುತ್ತಿದ್ದ ರೂಢಿಯು ಇದೇ ಮೂರನೆಯ ಮೆಟ್ಟಲು. ಮಾತು ಚಿಕ್ಕದಾದರೂ ಅದರೊಳಗೆ ಎರಡು ಸತ್ಯಗಳಿವೆ. ಸಂಖ್ಯೆಗಳ ಸ್ಥಾನವನ್ನು ಬದಲಿಸಿದರೆ ಮೊತ್ತವು ಬದಲಾಗದು ಎಂಬುದು ಒಂದು; ಕಡಿಮೆ ಎಣಿಸಿದರೆ ಕಡಿಮೆ ತಪ್ಪಾಗುವುದು ಎಂಬುದು ಇನ್ನೊಂದು.

ಎರಡನೆಯ ಮೆಟ್ಟಲಲ್ಲಿ ಒಂದು ತಪ್ಪು ಬಹಳ ಸಾಮಾನ್ಯವಾಗಿರುವುದು. ಐದೂ ಮೂರೂ ಎಷ್ಟೆಂದರೆ ಮಗುವು, "ಐದು, ಆರು, ಏಳು" ಎಂದು ಮೂರು ಬೆರಳುಗಳನ್ನು ಮಡಿಸಿ ಏಳು ಎಂದು ಉತ್ತರ ಕೊಡುವುದು. ಇದು ಅಲಕ್ಷ್ಯವಲ್ಲ, ಐದು ಆಗಲೇ ಎಣಿಕೆಗೆ ಸೇರಿಹೋಗಿದೆ ಎಂಬುದು ಅದಕ್ಕೆ ಕಾಣದೆ ಹೋದದ್ದು. ಐದು ಬೀಜಗಳನ್ನು ಒಂದು ಡಬ್ಬಿಯೊಳಗೆ ಹಾಕಿ ಮುಚ್ಚಳವಿಟ್ಟು, "ಒಳಗೆ ಐದು ಇವೆ" ಎಂದು ಹೇಳಿ, ಮೂರು ಬೀಜಗಳನ್ನು ಒಂದೊಂದಾಗಿ ಹಾಕುತ್ತ "ಈಗ ಎಷ್ಟು? ಈಗ ಎಷ್ಟು?" ಎಂದು ಕೇಳುತ್ತ ಹೋದರೆ ಎರಡು ಮೂರು ದಿನಗಳಲ್ಲಿ ಈ ತಪ್ಪು ತಾನಾಗಿ ಕಳಚಿಹೋಗುವುದು.

ಬೆರಳೆಣಿಕೆಯ ವಿಷಯದಲ್ಲಿ ಒಂದು ಮಾತು. ಬೆರಳು ಮಡಿಸುವ ಮಗುವನ್ನು ಗದರಿಸುವ ಪದ್ಧತಿಯು ಇನ್ನೂ ಅನೇಕ ಕಡೆಗಳಲ್ಲಿ ಉಂಟು. ಇದು ಸರಿಯಲ್ಲ. ಬೆರಳುಗಳು ಮಗುವಿನೊಂದಿಗೆ ಸದಾ ಇರುವ ಮಣಿಚೌಕಟ್ಟು. ಐದೈದಾಗಿ ಜೋಡಿಸಲ್ಪಟ್ಟಿರುವ ಆ ಹತ್ತು ಬೆರಳುಗಳಿಂದಲೇ ಮನುಷ್ಯ ಜಾತಿಯು ಹತ್ತು ಹತ್ತಾಗಿ ಎಣಿಸಲು ಕಲಿಯಿತು. 2024ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಬೆರಳೆಣಿಕೆಯನ್ನು ಅರಿಯದ ಐದಾರು ವರ್ಷದ ಮಕ್ಕಳಿಗೆ ಅದನ್ನು ಬೇಕೆಂದೇ ಹೇಳಿಕೊಟ್ಟಾಗ, ಅವರು ಸರಿಯಾಗಿ ಮಾಡಿದ ಕೂಡುವ ಲೆಕ್ಕಗಳು ಸುಮಾರು ಇಮ್ಮಡಿಯಾದುವು. ನಡೆಯಲು ಬಂದ ಮೇಲೆ ಮಗುವು ಗೋಡೆಯನ್ನು ತಾನಾಗಿ ಬಿಡುವಂತೆ, ಲೆಕ್ಕವು ಮನಸ್ಸಿನಲ್ಲಿ ನಿಂತ ಮೇಲೆ ಬೆರಳುಗಳನ್ನೂ ಬಿಡುವುದು. ಎಂಟು ಒಂಬತ್ತು ವರ್ಷವಾದರೂ ಬಿಡದಿದ್ದರೆ ಬೆರಳನ್ನು ದೂರದೆ, ಮುಂದೆ ಹೇಳುವ ಜೋಡಿಗಳನ್ನು ಕಲಿಸುವುದು ಲೇಸು.

ನಲ್ವತ್ತೈದು ಜೋಡಿಗಳು

ಒಂದರಿಂದ ಒಂಬತ್ತರವರೆಗಿನ ಸಂಖ್ಯೆಗಳನ್ನು ಎರಡೆರಡಾಗಿ ಕೂಡಿಸಿದರೆ 81 ಲೆಕ್ಕಗಳಾಗುವುವು. ಇಷ್ಟನ್ನೂ ಮಗ್ಗಿಯಂತೆ ಬಾಯಿಪಾಠ ಮಾಡಿಸುವುದು ಮಗುವಿಗೆ ಹೊರೆ. ಆದರೆ ಮೂರೂ ಐದೂ ಎಂಬುದೂ ಐದೂ ಮೂರೂ ಎಂಬುದೂ ಒಂದೇ ಎಂದು ತಿಳಿದ ಕ್ಷಣವೇ 81 ಹೋಗಿ 45 ಮಾತ್ರ ಉಳಿಯುವುವು. ಈ ನಲ್ವತ್ತೈದರ ಹೊರೆಯನ್ನು ಹೇಗೆ ಹಗುರ ಮಾಡಬಹುದೆಂಬುದನ್ನು ನೋಡೋಣ.

ಒಂದನ್ನು ಕೂಡಿಸುವುದೆಂದರೆ ಮುಂದಿನ ಸಂಖ್ಯೆಯನ್ನು ಹೇಳುವುದಷ್ಟೆ, ಇಂಥವು 9. ಎರಡನ್ನು ಕೂಡಿಸುವುದೆಂದರೆ ಎರಡು ಹೆಜ್ಜೆ ಮುಂದಕ್ಕೆ ಹೋಗುವುದು. ಇವು ಇನ್ನೂ 8. ಉಳಿದದ್ದು 28. ಮೂರೂ ಮೂರೂ, ನಾಲ್ಕೂ ನಾಲ್ಕೂ ಎಂಬ ಅವಳಿಗಳು ಮಕ್ಕಳಿಗೆ ಬಹು ಪ್ರಿಯ. ಮೂರರಿಂದ ಒಂಬತ್ತರವರೆಗೆ ಅವು 7. ಉಳಿದದ್ದು 21. ಹತ್ತನ್ನು ತುಂಬಿಸುವ ಜೋಡಿಗಳಲ್ಲಿ ಹೊಸದಾಗಿ ಉಳಿದವು ಮೂರೂ ಏಳೂ, ನಾಲ್ಕೂ ಆರೂ ಎಂಬ ಎರಡೇ. ಉಳಿದದ್ದು 19. ಒಂಬತ್ತಕ್ಕೆ ಕೂಡಿಸುವಾಗ, ಇನ್ನೊಂದರಿಂದ ಒಂದನ್ನು ಎರವಲು ಪಡೆದು ಹತ್ತು ಮಾಡಿಕೊಂಡರೆ ಕೆಲಸವು ಮುಗಿಯಿತು. ಒಂಬತ್ತೂ ಆರೂ ಎಂಬುದು ಹತ್ತೂ ಐದೂ ಆಗುವುದು. ಹೀಗೆ ಮತ್ತೆ 6 ಕಳೆದು 13 ಉಳಿಯುವುವು. ಅವಳಿಗಳ ನೆರೆಹೊರೆಯವರನ್ನು ಇನ್ನು ನೋಡಿರಿ. ಆರೂ ಆರೂ ಹನ್ನೆರಡಾದರೆ ಆರೂ ಏಳೂ ಹದಿಮೂರಲ್ಲದೆ ಬೇರೇನಾದೀತು? ಇಂಥವು 5. ಕಡೆಗೆ ಉಳಿದದ್ದು ಎಂಟೇ ಎಂಟು: ಮೂರಕ್ಕೆ ಐದು, ಆರು, ಎಂಟು, ನಾಲ್ಕಕ್ಕೆ ಏಳು, ಎಂಟು, ಐದಕ್ಕೆ ಏಳು, ಎಂಟು, ಆರಕ್ಕೆ ಎಂಟು. ಇವುಗಳಲ್ಲಿಯೂ ಎಂಟು ಇರುವ ನಾಲ್ಕನ್ನು, ಎಂಟಕ್ಕೆ ಎರಡು ಕೊಟ್ಟು ಹತ್ತು ಮಾಡುವ ಉಪಾಯದಿಂದ ಗೆಲ್ಲಬಹುದು.

ಹೀಗೆ ಕಲಿತ ಮಗುವು ಒಂದು ಉತ್ತರವನ್ನು ಮರೆತರೂ ಅದನ್ನು ತಾನೇ ಮತ್ತೆ ಕಂಡುಕೊಳ್ಳಬಲ್ಲದು. ಬರಿಯ ಬಾಯಿಪಾಠದಿಂದ ಕಲಿತ ಮಗುವಿಗೆ ಮರೆತದ್ದೆಲ್ಲವೂ ಕಳೆದುಹೋದದ್ದೇ. ಆದರೆ ಬಾಯಿಲೆಕ್ಕದ ಅಭ್ಯಾಸವೇ ಬೇಡವೆಂದು ನಾವು ಹೇಳುವುದಿಲ್ಲ. ಅರ್ಥವು ತಿಳಿದ ಮೇಲೆ ದಿನಕ್ಕೆ ಐದು ನಿಮಿಷಗಳ ಅಭ್ಯಾಸವು ಅವಶ್ಯ. ಅರ್ಥಕ್ಕಿಂತ ಮೊದಲು ಅದು ದಂಡನೆ.

ಜೋಡಿಗಳನ್ನು ಕಲಿಸಲು ಒಂದು ಆಟವುಂಟು. ಐದು ಹುಣಸೇಬೀಜಗಳ ಒಂದೊಂದು ಮಗ್ಗುಲನ್ನು ಕಲ್ಲಿನ ಮೇಲೆ ಉಜ್ಜಿ ಬಿಳಿದು ಮಾಡಿರಿ. ಮಗುವು ಅವುಗಳನ್ನು ಕೈಯಲ್ಲಿ ಕುಲುಕಿ ನೆಲಕ್ಕೆ ಹಾಕಲಿ. ಎರಡು ಬಿಳಿ ಬಿದ್ದರೆ ಮೂರು ಕಪ್ಪು. ನಾಲ್ಕು ಬಿಳಿ ಬಿದ್ದರೆ ಒಂದು ಕಪ್ಪು. ಐದು ಎಂಬುದು ಎಷ್ಟು ವಿಧವಾಗಿ ಒಡೆಯುವುದೆಂಬುದು ಅದರ ಕಣ್ಣಿಗೆ ಕಟ್ಟುವುದು. ಎಲ್ಲವೂ ಬಿಳಿಯಾದ ದಿನ ಸೊನ್ನೆಯ ಪಾಠವೂ ತಾನಾಗಿ ಬರುವುದು. ಐದು ಗಟ್ಟಿಯಾದ ಮೇಲೆ ಬೀಜಗಳನ್ನು ಒಂದೊಂದಾಗಿ ಹತ್ತರವರೆಗೆ ಹೆಚ್ಚಿಸಬೇಕು. ಚೌಕಾಬಾರದ ಕವಡೆಗಳಿಂದಲೂ, ಏಳೇಳು ಕುಳಿಗಳ ಎರಡು ಸಾಲುಗಳುಳ್ಳ ಅಳಗುಳಿಮಣೆಯಿಂದಲೂ ನಮ್ಮ ಅಜ್ಜಿಯಂದಿರು ಶಾಲೆಗೆ ಹೋಗದೆಯೇ ಎಷ್ಟು ಚುರುಕಾಗಿ ಎಣಿಸುತ್ತಿದ್ದರೆಂಬುದನ್ನು ನೆನೆದರೆ ಆಟವನ್ನು ಯಾರೂ ಹಗುರವಾಗಿ ಕಾಣಲಾರರು.

ಹತ್ತರ ಕಟ್ಟು

ಹತ್ತನ್ನು ದಾಟುವಲ್ಲಿ ಕನ್ನಡದ ಮಗುವಿಗೆ ಅದರ ಭಾಷೆಯೇ ಗುರು. ಹನ್ನೊಂದು ಎಂಬುದರಲ್ಲಿ ಹತ್ತೂ ಒಂದೂ ಇವೆ. ಹದಿಮೂರರಲ್ಲಿ ಹತ್ತೂ ಮೂರೂ ಇವೆ. ಇಪ್ಪತ್ತು ಎಂದರೆ ಎರಡು ಹತ್ತು, ಮೂವತ್ತು ಎಂದರೆ ಮೂರು ಹತ್ತು. ಇಂಗ್ಲಿಷಿನ ಇಲೆವೆನ್, ಟ್ವೆಲ್ವ್ ಎಂಬ ಹೆಸರುಗಳಲ್ಲಿ ಹತ್ತು ಕಾಣಿಸದು. ಜರ್ಮನ್ ಭಾಷೆಯಲ್ಲಿ 23ನ್ನು ಮೂರು ಮತ್ತು ಇಪ್ಪತ್ತು ಎಂದು ಹಿಂದುಮುಂದಾಗಿ ಹೇಳುವರು. ಉರ್ದು ಮನೆಮಾತಿನ ಮಗುವು ಗ್ಯಾರಾ, ಬಾರಾ, ತೇರಾ ಎಂಬ ಹೆಸರುಗಳನ್ನು ಒಂದೊಂದಾಗಿ ನೆನಪಿಡಬೇಕು. ನಮ್ಮಲ್ಲಿಯಾದರೋ ಇಪ್ಪತ್ತಮೂರು ಎಂದು ಹೇಳಿದ ಕ್ರಮದಲ್ಲಿಯೇ 2 ಮತ್ತು 3 ಬರೆಯಲ್ಪಡುವುವು. ಇಂಗ್ಲಿಷ್ ಮಾಧ್ಯಮದ ಶಾಲೆಗೆ ಮಗುವನ್ನು ಕಳುಹಿಸುವ ತಾಯ್ತಂದೆಗಳೂ ಮನೆಯಲ್ಲಿ ಕನ್ನಡದ ಎಣಿಕೆಯನ್ನು ಕಲಿಸಿದರೆ, ಹತ್ತರ ಗುಟ್ಟು ಅದಕ್ಕೆ ಬೇಗನೆ ತಿಳಿದೀತು. ಇಪ್ಪತ್ತೊಂಬತ್ತಾದ ಮೇಲೆ "ಇಪ್ಪತ್ತಹತ್ತು" ಎನ್ನುವ ಮಗುವನ್ನು ನೋಡಿ ನಗಬೇಡಿರಿ. ಅದು ನಿಯಮವನ್ನು ಕಂಡುಕೊಂಡಿದೆ, ಹೆಸರೊಂದನ್ನು ಮಾತ್ರ ಇನ್ನೂ ಕಲಿಯಬೇಕಾಗಿದೆ. ಎಂಬತ್ತು, ತೊಂಬತ್ತು, ಹತ್ತೊಂಬತ್ತು ಎಂಬ ಹೆಸರುಗಳು ಕಿವಿಗೆ ಒಂದರಂತೆ ಒಂದು ಕೇಳಿಸುವುದರಿಂದ ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು.

ಪೊರಕೆಯ ಕಡ್ಡಿಗಳನ್ನು ಹತ್ತು ಹತ್ತಾಗಿ ದಾರದಿಂದ ಕಟ್ಟಿಸಿರಿ. ಕಟ್ಟುವ ಕೈ ಮಗುವಿನದೇ ಆಗಿರಬೇಕು. 27 ಎಂದರೆ ಎರಡು ಕಟ್ಟು, ಏಳು ಬಿಡಿ. 35 ಎಂದರೆ ಮೂರು ಕಟ್ಟು, ಐದು ಬಿಡಿ. ಎರಡನ್ನೂ ಕೂಡಿಸಿದಾಗ ಬಿಡಿಗಳು ಹನ್ನೆರಡಾಗುವುವು. ಅವುಗಳಲ್ಲಿ ಹತ್ತನ್ನು ಎತ್ತಿ ಹೊಸ ಕಟ್ಟು ಕಟ್ಟಿದರೆ ಎರಡು ಬಿಡಿ ಉಳಿದು, ಕಟ್ಟುಗಳು ಆರಾಗುವುವು. ಉತ್ತರವು 62. ನಾವು ಪುಸ್ತಕದಲ್ಲಿ ದಶಕ ಒಂದು ಎಂದು ಮೇಲೆ ಬರೆಯುವ ಅಂಕೆಯು ಈ ಹೊಸ ಕಟ್ಟೇ ಹೊರತು ಬೇರೆ ಯಾವ ಮಂತ್ರವೂ ಅಲ್ಲ. ಕಟ್ಟನ್ನು ಕಟ್ಟದೆ ಈ ಲೆಕ್ಕಕ್ಕೆ ಬಂದ ಮಕ್ಕಳಲ್ಲಿ ಕೆಲವರು ಐದೂ ಏಳೂ ಹನ್ನೆರಡು ಎಂದು ಬರೆದು, ಅದರ ಎಡಕ್ಕೆ ಎರಡೂ ಮೂರೂ ಐದು ಎಂದು ಬರೆದು, 512 ಎಂಬ ಉತ್ತರವನ್ನು ಕೊಡುವರು. ಅಂಥ ಮಗುವಿಗೆ ತಪ್ಪು ಗುರುತನ್ನು ಹಾಕುವ ಮೊದಲು, "ಇಪ್ಪತ್ತೇಳು ಕಡ್ಡಿಗಳೂ ಮೂವತ್ತೈದು ಕಡ್ಡಿಗಳೂ ಸೇರಿ ಐನೂರಾದಾವೇ?" ಎಂದು ಕೇಳಬೇಕು. ಉತ್ತರವು ಸುಮಾರು ಎಷ್ಟಿರಬೇಕೆಂದು ಮೊದಲೇ ಅಂದಾಜು ಮಾಡುವ ಅಭ್ಯಾಸವು ಜೀವಮಾನವೆಲ್ಲ ಕಾಯುವ ಕಾವಲುಗಾರ.

ಭಾಸ್ಕರಾಚಾರ್ಯನು 1150ರಲ್ಲಿ ರಚಿಸಿದ ಲೀಲಾವತೀ ಗ್ರಂಥದಲ್ಲಿ ಕೂಡುವುದರ ಮೊದಲ ಉದಾಹರಣೆಯು ಒಬ್ಬ ಬಾಲಿಕೆಯನ್ನು ಸಂಬೋಧಿಸಿ ಕೇಳಿದ್ದು. ಲೀಲಾವತಿಯು ಆತನ ಮಗಳೆಂಬುದು ಪರಂಪರೆಯ ಹೇಳಿಕೆ. 2, 5, 32, 193, 18, 10, 100 ಇವುಗಳ ಮೊತ್ತವೆಷ್ಟೆಂದು ಅಲ್ಲಿ ಕೇಳಲಾಗಿದೆ. ಜಾಣೆಯಾದ ಹುಡುಗಿಯು ಇದನ್ನು ಬರೆದ ಕ್ರಮದಲ್ಲಿ ಕೂಡಿಸುತ್ತ ಹೋಗಳು. ನೂರೂ ಹತ್ತೂ ನೂರ ಹತ್ತು; ಹದಿನೆಂಟೂ ಎರಡೂ ಇಪ್ಪತ್ತು, ಅಲ್ಲಿಗೆ ನೂರ ಮೂವತ್ತು; ಮೂವತ್ತೆರಡು ಸೇರಿ ನೂರ ಅರವತ್ತೆರಡು. ಇತ್ತ 193ಕ್ಕೆ ಐದು ಸೇರಿ 198. ನೂರ ಅರವತ್ತೆರಡರಿಂದ ಎರಡನ್ನು ಇದಕ್ಕೆ ಕೊಟ್ಟರೆ ಇನ್ನೂರೂ ನೂರ ಅರವತ್ತೂ ಆಗಿ, ಮೊತ್ತವು 360 ಆಗುವುದು. ಹತ್ತನ್ನು ತುಂಬಿಸುವ ಅದೇ ಉಪಾಯವು ಇಲ್ಲಿ ನೂರನ್ನು ತುಂಬಿಸಿತು. ಹೆಣ್ಣಿಗೆ ಲೆಕ್ಕವು ಹೇಳಿದ್ದಲ್ಲವೆನ್ನುವವರು ಎಂಟುನೂರು ವರ್ಷಗಳಿಗೂ ಹಿಂದಿನ ಈ ಸಂಬೋಧನೆಯನ್ನು ನೆನಪಿಡಲಿ.

ಚಿಹ್ನೆಗಳೂ ಮಾತಿನ ಲೆಕ್ಕಗಳೂ

ಕೂಡು ಚಿಹ್ನೆಯು 1489ರಲ್ಲಿ ಜರ್ಮನಿಯ ವಿಡ್ಮನ್ನನ ಪುಸ್ತಕದಲ್ಲಿ ಮುದ್ರಿತವಾಯಿತು. ಸಮಚಿಹ್ನೆಯನ್ನು 1557ರಲ್ಲಿ ರಾಬರ್ಟ್ ರೆಕಾರ್ಡನು ಬಳಕೆಗೆ ತಂದನು. ಇವು ಬಲ್ಲವರು ಬಹುಕಾಲದ ಮೇಲೆ ಮಾಡಿಕೊಂಡ ಸಂಕ್ಷೇಪಗಳು. ಆದುದರಿಂದ ಮಗುವಿಗೆ ಮೊದಲ ದಿನವೇ ಅವುಗಳನ್ನು ಒಡ್ಡಬೇಕಾಗಿಲ್ಲ. ಸಮಚಿಹ್ನೆಯನ್ನು ಮಕ್ಕಳು "ಉತ್ತರವನ್ನು ಬರೆ" ಎಂಬ ಅಪ್ಪಣೆಯೆಂದು ತಿಳಿಯುವರು. 1999ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪರಿಶೀಲನೆಯಲ್ಲಿ, ಎಂಟೂ ನಾಲ್ಕೂ ಕೂಡಿದರೆ ಯಾವುದಕ್ಕೆ ಐದನ್ನು ಕೂಡಿಸಿದಷ್ಟಾಗುವುದು ಎಂಬ ಲೆಕ್ಕವನ್ನು ಚಿಹ್ನೆಗಳಲ್ಲಿ ಬರೆದು ಆರನೆಯ ತರಗತಿಯ 145 ಮಕ್ಕಳಿಗೆ ಕೊಡಲಾಯಿತು. ಖಾಲಿ ಜಾಗದಲ್ಲಿ ಎಲ್ಲರೂ 12 ಎಂದೋ 17 ಎಂದೋ ಬರೆದರು. ಸರಿಯಾದ 7 ಒಬ್ಬರಿಂದಲೂ ಬರಲಿಲ್ಲ. ಬೀಜಗಣಿತದ ಬಾಗಿಲು ಮುಚ್ಚಿಹೋಗುವುದು ಇಲ್ಲಿಯೇ. ಸಮಚಿಹ್ನೆಯು ತಕ್ಕಡಿಯ ಮುಳ್ಳು. ಎರಡು ತಟ್ಟೆಗಳೂ ಸರಿತೂಗಿದಾಗ ಮಾತ್ರ ಅದು ನೆಟ್ಟಗೆ ನಿಲ್ಲುವುದು. ಇದನ್ನು ತೋರಿಸಲು ಏಳು ಎಂದರೆ ಮೂರೂ ನಾಲ್ಕೂ ಎಂದು ಉತ್ತರವನ್ನೇ ಮೊದಲು ಬರೆಯಿಸುವುದೂ, ಎರಡೂ ಐದೂ ಎಂಬುದು ಮೂರೂ ನಾಲ್ಕೂ ಎಂಬುದಕ್ಕೆ ಸಮವೆಂದು ಬರೆಯಿಸುವುದೂ ಒಳ್ಳೆಯ ಅಭ್ಯಾಸಗಳು.

ಮಾತಿನ ಲೆಕ್ಕಗಳಲ್ಲಿಯೂ ಎಚ್ಚರಿಕೆ ಬೇಕು. "ಒಟ್ಟು" ಎಂದಿದ್ದರೆ ಕೂಡಿಸು, "ಹೆಚ್ಚು" ಎಂದಿದ್ದರೆ ಕೂಡಿಸು ಎಂದು ಸೂತ್ರವನ್ನು ಕೊಡುವುದು ಮಗುವಿನ ಬುದ್ಧಿಗೆ ಕಣ್ಕಟ್ಟು ಕಟ್ಟಿದಂತೆ. ಮೇರಿಯ ಬಳಿ ಎಂಟು ಹೂಗಳಿವೆ, ಅವು ಸಾರಳ ಹೂಗಳಿಗಿಂತ ಮೂರು ಹೆಚ್ಚು, ಸಾರಳ ಬಳಿ ಎಷ್ಟಿವೆ ಎಂದು ಕೇಳಿದರೆ ಸೂತ್ರವನ್ನು ನಂಬಿದ ಮಗುವು ಹನ್ನೊಂದು ಎಂದು ತಪ್ಪುವುದು. ಕಥೆಯನ್ನು ಬೀಜಗಳಿಂದ ಆಡಿ ತೋರಿಸಿದ ಮಗುವು ತಪ್ಪದೆ ಐದು ಎನ್ನುವುದು. ಆದುದರಿಂದ, "ಕೂಡಬೇಕೋ ಕಳೆಯಬೇಕೋ?" ಎಂದು ಕೇಳುವುದನ್ನು ಬಿಟ್ಟು, "ಇಲ್ಲಿ ಏನು ನಡೆಯಿತು?" ಎಂದು ಕೇಳುವ ರೂಢಿಯನ್ನು ಹಾಕಿಕೊಳ್ಳಬೇಕು.

ಸಂತೆಯ ಲೆಕ್ಕ, ಶಾಲೆಯ ಲೆಕ್ಕ

ಬ್ರೆಜಿಲ್ ದೇಶದ ರೆಸಿಫೆ ಪಟ್ಟಣದಲ್ಲಿ ಬೀದಿಯಲ್ಲಿ ಮಾರಾಟ ಮಾಡುವ ಒಂಬತ್ತರಿಂದ ಹದಿನೈದು ವರ್ಷದ ಐದು ಮಕ್ಕಳನ್ನು ಕುರಿತ ಒಂದು ಪರಿಶೀಲನೆಯು 1985ರಲ್ಲಿ ಪ್ರಕಟವಾಯಿತು. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಆ ಮಕ್ಕಳು ನೂರಕ್ಕೆ 98ರಷ್ಟನ್ನು ಸರಿಯಾಗಿ ಮಾಡಿದರು. ಅವೇ ಲೆಕ್ಕಗಳನ್ನು ಕಾಗದದ ಮೇಲೆ ಬರಿಯ ಅಂಕೆಗಳಾಗಿ ಕೊಟ್ಟಾಗ ನೂರಕ್ಕೆ ಸುಮಾರು 37 ಮಾತ್ರ ಸರಿಯಾದುವು. ದೆಹಲಿ ಮತ್ತು ಕಲ್ಕತ್ತೆಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಮಕ್ಕಳನ್ನು ಕುರಿತು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮುಂತಾದವರು 2025ರಲ್ಲಿ ಪ್ರಕಟಿಸಿದ ಪರಿಶೀಲನೆಯೂ ಇದನ್ನೇ ತಿಳಿಸುವುದು. ಅಷ್ಟೇ ಅಲ್ಲ, ಶಾಲೆಯ ಲೆಕ್ಕದಲ್ಲಿ ಮುಂದಿದ್ದ ಮಕ್ಕಳು ಸಂತೆಯ ಲೆಕ್ಕದಲ್ಲಿ ತಡವರಿಸಿದರು.

ಇದರಿಂದ ನಾವು ಕಲಿಯತಕ್ಕದ್ದೇನು? ಎರಡು ಲೆಕ್ಕಗಳ ನಡುವೆ ಸೇತುವೆಯನ್ನು ಕಟ್ಟುವವರು ಬೇಕು. ಆ ಕೆಲಸಕ್ಕೆ ತಾಯ್ತಂದೆಗಳಿಗಿಂತ ಯೋಗ್ಯರು ಯಾರು? ತರಕಾರಿಯ ಅಂಗಡಿಯಲ್ಲಿ ಮೊಬೈಲಿನಿಂದ ಹಣ ಸಲ್ಲಿಸುವ ಈ ದಿನಗಳಲ್ಲಿ ಮಕ್ಕಳು ಚಿಲ್ಲರೆಯನ್ನು ಎಣಿಸುವುದೇ ಅಪೂರ್ವವಾಗಿದೆ. ವಾರಕ್ಕೊಮ್ಮೆಯಾದರೂ ಮಗುವಿನ ಕೈಯಲ್ಲಿ ನಾಣ್ಯಗಳನ್ನು ಕೊಟ್ಟು, ಕೊತ್ತಂಬರಿಗೆ ಹತ್ತು, ನಿಂಬೆಹಣ್ಣಿಗೆ ಐದು ಎಂದು ಕೊಡಿಸಿರಿ. ಮನೆಗೆ ಬಂದ ಮೇಲೆ ಅದೇ ಲೆಕ್ಕವನ್ನು ಹಲಗೆಯ ಮೇಲೆ ಅಂಕೆಗಳಲ್ಲಿ ಬರೆಯಿಸಿರಿ. ಸೇತುವೆಯೆಂದರೆ ಇಷ್ಟೇ.

ತಾಯಂದಿರಿಗೊಂದು ಮಾತು

ಕಡೆಯದಾಗಿ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರುವೆವು. 2010ರಲ್ಲಿ ಅಮೆರಿಕದಲ್ಲಿ ಸಿಯಾನ್ ಬೈಲಾಕ್ ಮತ್ತು ಆಕೆಯ ಸಂಗಡಿಗರು ಒಂದನೆಯ ಮತ್ತು ಎರಡನೆಯ ತರಗತಿಯ 17 ಮಂದಿ ಉಪಾಧ್ಯಾಯಿನಿಯರನ್ನೂ ಅವರ ಶಿಷ್ಯರನ್ನೂ ಕುರಿತು ತಮ್ಮ ಪರಿಶೀಲನೆಯನ್ನು ಪ್ರಕಟಿಸಿದರು. ಲೆಕ್ಕವೆಂದರೆ ಅಂಜುವ ಉಪಾಧ್ಯಾಯಿನಿಯ ತರಗತಿಯಲ್ಲಿ, ವರ್ಷದ ಕಡೆಗೆ, ಗಂಡುಮಕ್ಕಳಿಗೆ ಲೆಕ್ಕ, ಹೆಣ್ಣುಮಕ್ಕಳಿಗೆ ಓದು ಎಂಬ ಭಾವನೆಯು ಹುಡುಗಿಯರಲ್ಲಿ ಬೇರೂರುವ ಸಂಭವ ಹೆಚ್ಚಾಗಿತ್ತು. ಹಾಗೆ ನಂಬಿದ ಹುಡುಗಿಯರ ಲೆಕ್ಕವೂ ಹಿಂದೆ ಬಿದ್ದಿತು. ಹುಡುಗರ ಮೇಲೆ ಈ ಪರಿಣಾಮವು ಕಾಣಲಿಲ್ಲ. ವರ್ಷದ ಆರಂಭದಲ್ಲಿ ಹುಡುಗಿಯರಲ್ಲಿಯೂ ಅದು ಇರಲಿಲ್ಲ. ಅಂದರೆ ಅಂಜಿಕೆಯನ್ನು ಅವರು ಹೊತ್ತು ತಂದದ್ದಲ್ಲ, ಕಲಿತದ್ದು. 2015ರ ಇನ್ನೊಂದು ಪರಿಶೀಲನೆಯಿಂದ, ಲೆಕ್ಕಕ್ಕೆ ಹೆದರುವ ತಾಯ್ತಂದೆಗಳು ಮನೆಪಾಠದಲ್ಲಿ ಮೇಲಿಂದ ಮೇಲೆ ನೆರವಾಗಲು ಹೋದಾಗ ಮಕ್ಕಳು ಕಲಿಯುವುದು ಕಡಿಮೆಯಾಗಿ, ಅವರೂ ಹೆದರಲಾರಂಭಿಸುವರೆಂದು ತಿಳಿದುಬಂದಿತು.

"ನನಗೂ ಲೆಕ್ಕ ಬರುತ್ತಿರಲಿಲ್ಲ, ನಮ್ಮ ಮನೆತನಕ್ಕೇ ಅದು ಹತ್ತದು" ಎಂದು ತಾಯಿಯು ಮಗಳನ್ನು ಸಮಾಧಾನಪಡಿಸುವುದನ್ನು ನಾವು ಎಷ್ಟೋ ಸಾರಿ ಕೇಳಿದ್ದೇವೆ. ಅದು ಪ್ರೀತಿಯ ಮಾತೇ ಸರಿ. ಆದರೆ ಮಗುವಿನ ಮುಂದೆ ಬಾಗಿಲನ್ನು ಮುಚ್ಚುವ ಮಾತೂ ಅದೇ. ಅದರ ಬದಲು, "ನೀನು ಹೇಗೆ ಮಾಡಿದೆ, ನನಗೂ ತೋರಿಸು" ಎನ್ನಿರಿ. ತಪ್ಪಾದ ಉತ್ತರವನ್ನೂ ಸರಿಯಾದ ಉತ್ತರವನ್ನೂ ಒಂದೇ ಮುಖದಿಂದ ಕೇಳಿರಿ. ಮಗುವು ತನ್ನ ದಾರಿಯನ್ನು ಹೇಳುತ್ತ ಹೋದಂತೆ ತಪ್ಪಿದ ಸ್ಥಳವನ್ನು ಅನೇಕ ಸಾರಿ ತಾನೇ ಕಂಡುಕೊಳ್ಳುವುದು. ದಿನಕ್ಕೆ ಹತ್ತು ನಿಮಿಷಗಳಿಗಿಂತ ಹೆಚ್ಚು ಬೇಡ. ಅಳು ಬಂದ ಕೂಡಲೇ ಹಲಗೆಯನ್ನು ಎತ್ತಿಡಿರಿ. ನೆರೆಮನೆಯ ಮಗುವಿನೊಡನೆ ಹೋಲಿಸಬೇಡಿರಿ. ಒಂದು ಮಗುವು ಆರು ತಿಂಗಳಲ್ಲಿ ಏರಿದ ಮೆಟ್ಟಲನ್ನು ಇನ್ನೊಂದು ಒಂದು ವರ್ಷದಲ್ಲಿ ಏರಬಹುದು. ಮೇಲೆ ಸೇರಿದ ಮೇಲೆ ಯಾರು ಮೊದಲು ಏರಿದರೆಂದು ಯಾರೂ ಕೇಳುವುದಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ತಳಹದಿಯ ಹಂತವೆಂದು ಕರೆದು, ಓದು ಮತ್ತು ಸಂಖ್ಯೆಗಳ ಅರಿವಿಗೆ ಅಗ್ರಸ್ಥಾನವನ್ನು ಕೊಟ್ಟಿದೆ. ನೀತಿಯು ಕಾಗದದ ಮೇಲೆ ಇರುವುದು. ತಳಹದಿಯು ಮನೆಮನೆಯ ಜಗಲಿಯ ಮೇಲೆ ಬೀಳಬೇಕು. ಈ ಶಾಲೆಯಲ್ಲಿ ಕಲಿತು ಹೋದ ಸಹೋದರಿಯರೇ, ನಿಮ್ಮ ಹೆಣ್ಣುಮಕ್ಕಳು ಮುಂದೆ ಇಲ್ಲಿಗೆ ಬಂದಾಗ ಅವರು ಎಷ್ಟು ಲೆಕ್ಕಗಳನ್ನು ಬಲ್ಲರೆಂದು ನಾವು ಮೊದಲು ನೋಡುವುದಿಲ್ಲ. ತಿಳಿಯದ ಲೆಕ್ಕವೊಂದನ್ನು ಮುಂದಿಟ್ಟಾಗ ಅವರು ಅಂಜದೆ ಕೈಚಾಚುವರೋ ಎಂಬುದನ್ನು ನೋಡುವೆವು. ಆ ಧೈರ್ಯವನ್ನು ಕೊಟ್ಟು ಕಳುಹಿಸುವುದು ನಿಮ್ಮ ಪಾಲಿಗೆ ಬಂದ ಕೆಲಸ. ಹಿಡಿಯಷ್ಟು ಹುಣಸೇಬೀಜಗಳಿಂದ ಅದನ್ನು ಇಂದೇ ಆರಂಭಿಸಬಹುದು.